ಆಭರಣ ತೆಗೆಸಲಾಗಿದೆ: ಹೌದು

ಟ್ಯಾಬ್ಲೆಟ್ಟಿನಲ್ಲಿ ಅದು ಒಂಬತ್ತನೆಯ ಪ್ರಶ್ನೆ. ಹೆಸರು, ವಯಸ್ಸು, ಊರು, ದಮ್ಮು ಉಂಟೇ, ಕಾಲು ಊದುತ್ತದೆಯೇ ಎಲ್ಲ ಮುಗಿದ ಮೇಲೆ ಬರುತ್ತಿತ್ತು: ‘ಆಭರಣ ತೆಗೆಸಲಾಗಿದೆಯೇ?’ ಅದರ ಕೆಳಗೆ ಎರಡು ಗುಂಡಿ, ಹೌದು ಮತ್ತು ಇಲ್ಲ. ಇಲ್ಲ ಎಂದು ಒತ್ತಿದರೆ ಮುಂದಿನ ಪುಟವೇ ತೆರೆಯುತ್ತಿರಲಿಲ್ಲ. ಹಾಗಾಗಿ ಕ್ಯಾಂಪುಗಳಲ್ಲಿ ನಾನು ಯಾವಾಗಲೂ ಹೌದು ಎಂದೇ ಒತ್ತಿದೆ. ಒತ್ತುವಾಗ ಮನಸ್ಸು ಚುಚ್ಚಿದ್ದಿಲ್ಲ. ಫಾರಂ ತುಂಬಿ ಅಭ್ಯಾಸವಿರುವ ಎಲ್ಲರಿಗೂ ಈ ಸುಳ್ಳು ಗೊತ್ತು. ಕೆಲಸ ಮುಂದೆ ಹೋಗಲಿ ಎಂದು ಹೇಳುವ ಸುಳ್ಳು ಅದು.

ನಾನು ನರ್ಸ್. ಉಡುಪಿಯ ಒಂದು ಆಸ್ಪತ್ರೆಯ ಹೃದಯ ವಿಭಾಗದಲ್ಲಿದ್ದವಳನ್ನು ಈ ಯೋಜನೆಗೆ ಹಾಕಿದ್ದರು. ಎದೆಯ ಸದ್ದು ಕೇಳಿಯೇ ಹೃದಯದ ಕವಾಟದ ಕಾಯಿಲೆಯನ್ನು ಗುರುತಿಸುವಂತೆ ಯಂತ್ರಕ್ಕೆ ಕಲಿಸಬೇಕಿತ್ತು. ಕೃತಕ ಬುದ್ಧಿಮತ್ತೆ ಎಂದು ಕಾಗದದಲ್ಲಿ ಬರೆಯುತ್ತಿದ್ದೆವು, ಬಾಯಲ್ಲಿ ಎಲ್ಲರೂ ಮಷೀನು ಎನ್ನುತ್ತಿದ್ದೆವು. ಮುಖ್ಯಸ್ಥರು ನಮ್ಮ ವಿಭಾಗದ ಹಿರಿಯ ಡಾಕ್ಟರು. ಲೆಕ್ಕಾಚಾರದ ಕೆಲಸ ಮಣಿಪಾಲದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಕೂತ ಒಬ್ಬ ಸಂಶೋಧಕರದ್ದು. ಸದ್ದು ಹಿಡಿದು ತರುವ ಕೆಲಸ ನನ್ನದು.

ಕ್ರಮ ಹೀಗಿತ್ತು. ಫ್ಯಾನ್ ಆರಿಸಬೇಕು. ಕಿಟಕಿ ಹಾಕಬೇಕು. ಬಂದವರನ್ನು ಕುಳ್ಳಿರಿಸಿ ಐದು ನಿಮಿಷ ಸುಧಾರಿಸಿಕೊಳ್ಳಲು ಬಿಡಬೇಕು. ಆಮೇಲೆ ಎದೆಯ ಮೇಲೆ ನಾಲ್ಕು ಜಾಗ, ಒಂದೊಂದಕ್ಕೆ ಹದಿನೈದು ಸೆಕೆಂಡು. ನಮ್ಮ ಸ್ಟೆತಸ್ಕೋಪಿಗೆ ಕಿವಿಗೆ ಹಾಕುವ ಕೊಳವೆ ಇರಲಿಲ್ಲ. ಅಂಗೈಯಷ್ಟು ಅಗಲದ ಒಂದು ಬಿಲ್ಲೆ, ಅದು ಹಿಡಿದ ಸದ್ದು ಟ್ಯಾಬ್ಲೆಟ್ಟಿನಲ್ಲಿ ಅಲೆಯಾಗಿ ಓಡುತ್ತಿತ್ತು. ಅಂದರೆ ನಾನು ಸಾವಿರಾರು ಜನರ ಎದೆಯ ಸದ್ದು ಹಿಡಿದೆ, ಒಂದನ್ನೂ ಕಿವಿಯಿಂದ ಕೇಳಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮೊದಲ ಹಂತದಲ್ಲಿ ಯಂತ್ರಕ್ಕೆ ಪಾಠ. ಕಾಯಿಲೆ ಇರುವವರ ಸದ್ದನ್ನು ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಹಿಡಿದೆವು. ದಾಖಲಾದ ಹೆಂಗಸರ ಚಿನ್ನವನ್ನು ಮೊದಲ ದಿನವೇ ಮನೆಯವರ ಕೈಗೆ ಕೊಟ್ಟು ಕಳುಹಿಸುವುದು ಅಲ್ಲಿಯ ಪದ್ಧತಿ. ಕರಿಮಣಿಯನ್ನೂ ಬಿಚ್ಚುತ್ತಾರೆ, ಕೆಲವರು ಬದಲಿಗೆ ಅರಿಶಿನ ಹಚ್ಚಿದ ದಾರ ಕಟ್ಟಿಕೊಳ್ಳುತ್ತಾರೆ. ಪ್ರಾಣದ ಹೆದರಿಕೆಯ ಎದುರು ಉಳಿದ ಹೆದರಿಕೆಗಳು ಸಣ್ಣವಾಗುತ್ತವೆ. ಆದ್ದರಿಂದ ವಾರ್ಡಿನಲ್ಲಿ ಒಂಬತ್ತನೆಯ ಪ್ರಶ್ನೆಗೆ ಹೌದು ಎಂಬುದು ನಿಜವೇ ಆಗಿತ್ತು.

ಕಾಯಿಲೆ ಇಲ್ಲದವರ ಸದ್ದಿಗೆ ಊರೂರು ತಿರುಗಿದೆವು. ಮೊದಲ ಕ್ಯಾಂಪು ಎಲ್ಲೂರಿನಲ್ಲಿ, ಒಂದು ಸಭಾಭವನದ ಹಿಂದಿನ ಕೋಣೆ. ಮೂರನೆಯವಳಾಗಿ ಒಬ್ಬ ಸಣ್ಣ ಪ್ರಾಯದ ಸೊಸೆ ಬಂದಳು. ನಾನು ನಿಯಮದಂತೆ ಹೇಳಿದೆ, “ಕರಿಮಣಿ ಸ್ವಲ್ಪ ತೆಗೆದಿಡಿ, ಎರಡೇ ನಿಮಿಷ.” ಅವಳು ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಅತ್ತೆ ನಿಂತಿದ್ದರು.

“ತೆಗೆಯುದಾ? ಮಗ ಅಬುಧಾಬಿಯಲ್ಲಿ ಇದ್ದಾನೆ. ಅಲ್ಲಿ ಅವನು ಹೇಗೆ ಇರ್ತಾನೋ ಏನೋ, ಇಲ್ಲಿ ಇವಳ ಕರಿಮಣಿ ತೆಗೆಸ್ಲಿಕ್ಕೆ ಬಂದ್ರಾ? ನಿಮಗೆ ಎಂತ ಗೊತ್ತು ಅದರ ಬೆಲೆ?”

ಅಷ್ಟು ಹೇಳಿದ ಮೇಲೆ ಅವರ ಕಣ್ಣು ನನ್ನ ಕುತ್ತಿಗೆಗೆ ಹೋಯಿತು. ನನ್ನ ಗಂಡ ತೀರಿಕೊಂಡು ಆಗ ನಾಲ್ಕು ವರ್ಷ. ಬೋಳು ಕುತ್ತಿಗೆ ನೋಡಿದ ಕೂಡಲೇ ಅವರಿಗೆ ತಾನು ಏನು ಹೇಳಿದೆ ಎಂದು ಅರ್ಥವಾಯಿತು, ಮುಖ ಸಣ್ಣದಾಯಿತು. ಕೆಟ್ಟ ಹೆಂಗಸಲ್ಲ ಅವರು. ಆದರೆ ಆಡಿದ ಮಾತು ಒಡೆದ ಮುತ್ತು. ಸೊಸೆಯ ಕೈ ಹಿಡಿದು ಹೋದರು, ಅವರ ಹಿಂದೆ ಸಾಲಿನಲ್ಲಿದ್ದ ಹೆಂಗಸರಲ್ಲಿ ಅರ್ಧ ಜನ ಹೋದರು.

ನನ್ನ ಕರಿಮಣಿ ತೆಗೆದ ದಿನ ಸುತ್ತ ನಿಂತವರ ಮುಖಗಳು ನನಗೆ ಇನ್ನೂ ಮರೆತಿಲ್ಲ. ಅದೇ ಕೆಲಸವನ್ನು ಇನ್ನೊಬ್ಬಳಿಗೆ ನಾನು ಹೇಳುವುದೇ ಎಂದು ಅವತ್ತು ಬಸ್ಸಿನಲ್ಲಿ ಕಣ್ಣೀರು ಹಾಕಿದೆ. ಆ ದಿನದ ನಂತರ ಯಾವ ಕ್ಯಾಂಪಿನಲ್ಲೂ ಯಾರಿಗೂ ಹೇಳಲಿಲ್ಲ. ಎಡಗೈಯಲ್ಲಿ ಕರಿಮಣಿಯನ್ನು ಒಂದು ಬದಿಗೆ ಹಿಡಿದುಕೊಂಡು ಬಲಗೈಯಲ್ಲಿ ಬಿಲ್ಲೆ ಇಡುವುದನ್ನು ರೂಢಿ ಮಾಡಿಕೊಂಡೆ. ರೆಕಾರ್ಡಿನ ಗುಂಡಿ ಒತ್ತಲು ಎಡಗೈಯನ್ನು ಬಿಡಲೇಬೇಕಿತ್ತು. ಬಿಟ್ಟ ಕೂಡಲೇ ಮಣಿಗಳು ಜಾರಿ ಬಂದು ಬಿಲ್ಲೆಯ ಅಂಚಿಗೆ ತಾಗುತ್ತಿದ್ದವು. ನೋಡಿದ್ದೆ. ಅಷ್ಟು ಸಣ್ಣ ಮಣಿ, ಎಂತ ಮಹಾ ಆದೀತು ಎಂದುಕೊಂಡೆ.

ಯಂತ್ರ ಕಲಿಯಿತು. ಪರೀಕ್ಷೆಯಲ್ಲೂ ಚೆನ್ನಾಗಿ ಪಾಸಾಯಿತು. ಆ ಪರೀಕ್ಷೆಗೂ ಅದೇ ವಾರ್ಡಿನ, ಅದೇ ಕ್ಯಾಂಪುಗಳ ಸದ್ದನ್ನೇ ಕೊಟ್ಟಿದ್ದರು ಎಂಬುದು ನನಗೆ ಆಗ ಹೊಳೆಯಲಿಲ್ಲ. ಎರಡನೆಯ ಹಂತದಲ್ಲಿ ಅದನ್ನೇ ಕ್ಯಾಂಪಿಗೆ ಒಯ್ದೆವು. ಕೆಂಪು ಬಂದರೆ ಎಕೋ ಎಂಬ ಹೃದಯದ ಸ್ಕ್ಯಾನಿಗೆ ಚೀಟಿ ಬರೆದು ಕೊಡಬೇಕು, ಹಸಿರು ಬಂದರೆ ಮನೆಗೆ ಕಳುಹಿಸಬೇಕು.

ಕಾಪುವಿನಲ್ಲಿ ಕ್ಯಾಂಪು ಇದ್ದ ದಿನ ಸೆಖೆ ಬಹಳ. ಫ್ಯಾನ್ ಆರಿಸಿದ್ದಕ್ಕೆ ಎಲ್ಲರೂ ಗೊಣಗುತ್ತಿದ್ದರು. ಆಗ ಬಂದವರು ಮನೆ ಮನೆಗೆ ಮೀನು ಮಾರುವ ಒಬ್ಬ ಹೆಂಗಸು, ಪ್ರಾಯ ನಲವತ್ತರ ಹತ್ತಿರ. ಬುಟ್ಟಿಯನ್ನು ಹೊರಗೆ ಗೋಡೆಯ ನೆರಳಿನಲ್ಲಿಟ್ಟು, ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಬಂದರು.

“ದಮ್ಮು ಉಂಟಾ?” ಎಂದು ಕೇಳಿದೆ.

“ಉಂಟು ಸಿಸ್ಟರೇ. ಮೊದಲು ಬುಟ್ಟಿ ಹೊತ್ತುಕೊಂಡು ಎಷ್ಟು ದೂರವೂ ಹೋಗ್ತಿದ್ದೆ. ಈಗ ಯಾರದಾದ್ರೂ ಮನೆಯ ನಾಲ್ಕು ಮೆಟ್ಟಿಲು ಹತ್ತಿದ್ರೆ ನಿಲ್ಬೇಕು. ಒಳಗಿನಿಂದ ‘ಬಂಗುಡೆ ಉಂಟಾ’ ಅಂತ ಕೇಳ್ತಾರೆ. ‘ಉಂಟು’ ಹೇಳ್ಲಿಕ್ಕೆ ನನಗೆ ಶ್ವಾಸ ಬರುದಿಲ್ಲ.” ಹೇಳಿ ತಾವೇ ನಕ್ಕರು.

ನಾನು ಬಿಲ್ಲೆ ಒರೆಸಿ ತೆಗೆದುಕೊಂಡಾಗ ಅವರ ಕೈ ಮೇಲೆದ್ದು ಕರಿಮಣಿಯನ್ನು ಹಿಡಿಯಿತು. ಹೆದರಿದರು, ತೆಗೆಯಲು ಹೇಳುತ್ತೇನೋ ಎಂದು ಬಿಗಿಯಾಗಿ ಹಿಡಿದುಕೊಂಡರು ಎಂದೇ ನಾನು ತಿಳಿದೆ. ಅವರ ಕೈಯನ್ನು ನಾನೇ ಮೆಲ್ಲ ಕೆಳಗಿಳಿಸಿದೆ.

“ಇರಲಿ, ಇರಲಿ. ಅದನ್ನು ಮುಟ್ಟುದು ಬೇಡ. ನಾನು ತೆಗೆಯಲಿಕ್ಕೆ ಹೇಳುದಿಲ್ಲ.”

ಅವರು ಏನೋ ಹೇಳಲು ಹೊರಟವರು ಸುಮ್ಮನಾದರು. ಹಸಿರು ಬಂತು.

“ಹೃದಯಕ್ಕೆ ಎಂತ ಇಲ್ಲ ಅಂತ ತೋರಿಸ್ತದೆ.”

“ಹಾಗಾದ್ರೆ ದಮ್ಮು ಯಾಕೆ ಬರುದು?”

“ರಕ್ತ ಕಡಿಮೆ ಇರಬಹುದು. ಗ್ಯಾಸ್ ಇರಬಹುದು. ಹೊತ್ತಿಗೆ ಸರಿಯಾಗಿ ಊಟ ಮಾಡಿ.”

“ಹೌದಾ. ಮಷೀನಿಗೆ ಗೊತ್ತಿರ್ತದೆ ಅಲ್ವಾ,” ಎಂದರು. ಮುಖದಲ್ಲಿ ನೆಮ್ಮದಿ ಕಂಡಿತು. ಹೊರಡುವಾಗ ಬಾಗಿಲಲ್ಲಿ ತಿರುಗಿ, “ಒಳ್ಳೆ ಬಂಗುಡೆ ಉಂಟು ಸಿಸ್ಟರೇ, ತಗೊಂಡು ಹೋಗ್ತೀರಾ?” ಎಂದು ಕೇಳಿದರು. ನನ್ನ ಮನೆ ಇರುವ ಕಾರ್ಕಳ ತಲುಪುವಾಗ ಹಾಳಾದೀತು, ಬೇಡ ಎಂದೆ.

ನನ್ನ ಹಳೆಯ ಸ್ಟೆತಸ್ಕೋಪು ಚೀಲದಲ್ಲೇ ಇತ್ತು. ನಾಲ್ಕು ಮೆಟ್ಟಿಲಿಗೆ ದಮ್ಮು ಬರುವವರನ್ನು ಎಡಮಗ್ಗುಲಿಗೆ ಮಲಗಿಸಿ ಕೇಳಬೇಕು ಎಂದು ನನಗೆ ಹದಿನೆಂಟು ವರ್ಷದ ಕೆಲಸ ಕಲಿಸಿತ್ತು. ಹಸಿರು ಬಂದ ಮೇಲೆ ಚೀಲಕ್ಕೆ ಕೈ ಹಾಕಲಿಲ್ಲ. ಸಾಲು ಉದ್ದವಿತ್ತು ಎನ್ನಬಹುದು. ನಿಜ ಹೇಳಿದರೆ, ಯಂತ್ರ ಹೇಳಿದ ಮೇಲೆ ನನ್ನದೇನು ಎಂಬ ಉದಾಸೀನ.

ಸುಮಾರು ಆರು ವಾರದ ನಂತರ ಬೆಳಿಗ್ಗೆ ಪಾಳಿಗೆ ಹೋದಾಗ ತುರ್ತು ವಾರ್ಡಿನಲ್ಲಿ ಆ ಮೀನಿನ ಹೆಂಗಸನ್ನು ಕಂಡೆ. ಬಲಗೈ ಬಲಗಾಲು ಸ್ವಾಧೀನ ಇರಲಿಲ್ಲ, ಬಾಯಿ ಒಂದು ಬದಿಗೆ ಎಳೆದಿತ್ತು. ಪಕ್ಕದಲ್ಲಿ ಅವರ ನಾದಿನಿ ಕರಿಮಣಿ ಕಟ್ಟಿದ ಕರವಸ್ತ್ರವನ್ನು ಹಿಡಿದು ನಿಂತಿದ್ದರು. ಹೆಸರು ಕೇಳಿದರೆ ರೋಗಿ “ಉಂಡು” ಎಂದರು. ನೋವು ಎಲ್ಲಿ ಎಂದರೆ “ಉಂಡು”. ನೀರು ಬೇಡವಾ ಎಂದರೂ “ಉಂಡು”. ತುಳುವಿನಲ್ಲಿ ಉಂಟು ಎನ್ನುವುದಕ್ಕೆ ಅದು ಮಾತು. ಉಳಿದ ಮಾತೆಲ್ಲ ಹೋಗಿ ಅದೊಂದು ಉಳಿದಿತ್ತು.

ಡಾಕ್ಟರು ಎಕೋ ಮಾಡಿದರು. ಎಡಭಾಗದ ಮಿಟ್ರಲ್ ಕವಾಟ ಪೂರ್ತಿ ತೆರೆಯದೆ ಕಿರಿದಾಗಿತ್ತು. ಅದರ ಹಿಂಬದಿಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಅದರ ಒಂದು ಚೂರು ಮೆದುಳಿಗೆ ಹೋಗಿತ್ತು.

“ಇದು ನಿನ್ನೆ ಮೊನ್ನೆಯದ್ದಲ್ಲ ಸಿಸ್ಟರ್,” ಎಂದರು ಡಾಕ್ಟರು. “ಚಿಕ್ಕಂದಿನಲ್ಲಿ ಬಂದ ಸಂಧಿವಾತದ ಜ್ವರ ಕವಾಟದಲ್ಲಿ ಬಿಟ್ಟ ಉಳಿಕೆ. ಮೊದಲೇ ಸಿಕ್ಕಿದ್ದರೆ ಮಾತ್ರೆ ಕೊಟ್ಟು ಹೆಪ್ಪು ಆಗದ ಹಾಗೆ ನೋಡಬಹುದಿತ್ತು. ಎಲ್ಲಿಯೂ ತೋರಿಸಲೇ ಇಲ್ಲವಾ ಇವರು?”

“ತೋರಿಸಿದ್ದಾರೆ. ನಮಗೇ. ಕಾಪು ಕ್ಯಾಂಪಿನಲ್ಲಿ. ನಾನೇ ನೋಡಿದ್ದು, ಹಸಿರು ಬಂದಿತ್ತು.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕ್ಯಾಂಪಿನ ರೆಕಾರ್ಡುಗಳನ್ನು ತೆಗೆದಿಡಿ ಎಂದು ಸಂಶೋಧಕರಿಗೆ ಫೋನ್ ಮಾಡಿದರು.

ಮರುದಿನ ಮಧ್ಯಾಹ್ನ ಮಣಿಪಾಲದ ಕೋಣೆಯಲ್ಲಿ ಕೂತೆವು. ಕ್ಯಾಂಪಿನಲ್ಲಿ ಹಸಿರು ಬಂದು, ಆಮೇಲೆ ಬೇರೆ ಕಾರಣಕ್ಕೆ ಎಕೋ ಮಾಡಿಸಿಕೊಂಡವರ ಪಟ್ಟಿಯನ್ನು ಸಂಶೋಧಕರು ತೆಗೆದಿಟ್ಟಿದ್ದರು. ಗಂಡಸರಲ್ಲಿ ಯಂತ್ರ ಹೇಳಿದ್ದಕ್ಕೂ ಎಕೋ ಹೇಳಿದ್ದಕ್ಕೂ ಹೊಂದುತ್ತಿತ್ತು. ತಪ್ಪಿದ್ದೆಲ್ಲ ಹೆಂಗಸರಲ್ಲಿ. ಅವರು ಮೀನಿನ ಹೆಂಗಸಿನ ರೆಕಾರ್ಡನ್ನು ತೆರೆದು ಹೆಡ್‌ಫೋನನ್ನು ನನಗೆ ಕೊಟ್ಟರು.

ನಾನು ಹಿಡಿದು ತಂದ ಸದ್ದನ್ನು ನಾನು ಮೊದಲ ಬಾರಿ ಕೇಳಿದ್ದು ಅವತ್ತು. ಲಬ್ ಡಬ್ ಕೇಳಿತು. ಡಬ್ ಆದ ಮೇಲೆ ದೂರದ ರಸ್ತೆಯಲ್ಲಿ ಲಾರಿ ಹೋದ ಹಾಗೆ ತಗ್ಗಿದ ಒಂದು ಗುಡುಗುಡು. ಕಾಯಿಲೆಯ ಸದ್ದು ಅದು, ಸ್ಪಷ್ಟವಾಗಿ ಇತ್ತು. ಅದರ ಮೇಲೆ ಇನ್ನೊಂದು ಇತ್ತು. ಟಿಕ್. ಟಿಕ್ ಟಿಕ್.

“ಇದು ಎಂತ ಸದ್ದು ಅಂತ ನನಗೆ ಗೊತ್ತಾಗುದಿಲ್ಲ,” ಎಂದರು ಸಂಶೋಧಕರು. “ಕವಾಟದ್ದಾ ಅಂತ ನೋಡಿದೆ. ಬಡಿತಕ್ಕೆ ಹೊಂದುದಿಲ್ಲ, ಉಸಿರಿಗೆ ಹೊಂದ್ತದೆ. ಕ್ಯಾಂಪಿನ ಹೆಂಗಸರಲ್ಲಿ ಬಹಳ ಜನರಿಗೆ ಉಂಟು, ವಾರ್ಡಿನವರಿಗೆ ಇಲ್ಲ. ಆಭರಣವಾ ಅಂತ ಫಾರಂ ನೋಡಿದೆ, ಎಲ್ಲರದ್ದೂ ತೆಗೆಸಿದ್ದೀರಿ. ನಿಮಗೇನಾದರೂ ಅಂದಾಜು ಉಂಟಾ?”

ಅಂದಾಜು ಏಕೆ, ನನಗೆ ಗೊತ್ತೇ ಇತ್ತು. ಮದುವೆಯಾದಂದಿನಿಂದ ರೋಗಿಯ ಮೇಲೆ ಬಗ್ಗಿದಾಗಲೆಲ್ಲ ನನ್ನ ಕರಿಮಣಿ ನನ್ನ ಸ್ಟೆತಸ್ಕೋಪಿನ ಕೊಳವೆಗೆ ಬಡಿದು ಕಿವಿಯಲ್ಲಿ ಕೇಳುತ್ತಿದ್ದ ಸದ್ದು ಅದು. ನಾಲ್ಕೈದು ವರ್ಷದ ನಂತರ ಅದನ್ನು ಕೇಳಿ ಹೆಡ್‌ಫೋನನ್ನು ತೆಗೆದು ಮೇಜಿನ ಮೇಲಿಟ್ಟೆ. ಅವರು ನನ್ನ ಮುಖ ನೋಡುತ್ತಿದ್ದರು.

“ಗೊತ್ತಿಲ್ಲ,” ಎಂದೆ.

ಸಂಜೆ ಕಾರ್ಕಳದ ಬಸ್ಸು ತುಂಬಿತ್ತು. ನನ್ನ ಸೀಟಿನ ಬದಿಯಲ್ಲಿ ಕಂಬ ಹಿಡಿದು ನಿಂತಿದ್ದ ಹೆಂಗಸಿನ ಕರಿಮಣಿ ಬಸ್ಸು ಅಲುಗಿದಾಗಲೆಲ್ಲ ಕಬ್ಬಿಣಕ್ಕೆ ತಾಗುತ್ತಿತ್ತು. ಹಿರಿಯಡ್ಕ ದಾಟುವವರೆಗೂ ಅದನ್ನೇ ಕೇಳುತ್ತಾ ಕೂತೆ. ನಾನು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಫಾರಮ್ಮಿನಲ್ಲಿ ಹೌದು ಎಂದಿದೆ. ಬಾಯಿ ಬಿಟ್ಟರೆ ಎಲ್ಲರ ದುಡಿಮೆ ನೀರಿನಲ್ಲಿ ಹೋಮ. ಕೆಲಸ ಹೋಗಬಹುದು ಎಂಬ ಹೆದರಿಕೆಯೂ ಇತ್ತು, ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಎಲ್ಲಕ್ಕಿಂತ ಹೆಚ್ಚು, ಏಕೆ ತೆಗೆಸಲಿಲ್ಲ ಎಂದು ಕೇಳಿದರೆ ಆ ಎಲ್ಲೂರಿನ ಕಥೆಯನ್ನು ಇಬ್ಬರು ಗಂಡಸರ ಎದುರು ಹೇಳಬೇಕಲ್ಲ ಎಂಬ ಸಂಕೋಚ. ಇಳಿದು ನಡೆಯುವಾಗ ಕಿವಿಯಲ್ಲಿ ಇದ್ದದ್ದು ಮಣಿಯ ಸದ್ದಲ್ಲ, “ಉಂಡು” ಎಂಬ ಮಾತು.

ಬೆಳಿಗ್ಗೆ ಮಣಿಪಾಲದ ಕೋಣೆಗೆ ಹೋದವಳೇ ಡಾಕ್ಟರು, ಸಂಶೋಧಕರು ಇಬ್ಬರನ್ನೂ ಕರೆದು ಹೇಳಿದೆ. “ಅದು ಕರಿಮಣಿ. ನಾನು ತೆಗೆಸಲಿಲ್ಲ. ಕ್ಯಾಂಪಿನಲ್ಲಿ ಒಬ್ಬರದ್ದೂ ತೆಗೆಸಲಿಲ್ಲ. ಹೌದು ಅಂತ ಸುಳ್ಳು ಒತ್ತಿದ್ದೇನೆ.” ಎಲ್ಲೂರಿನ ಕಥೆಯನ್ನೂ ಹೇಳಿದೆ. ಸಂಶೋಧಕರು ನೆಲ ನೋಡುತ್ತಾ ಕೇಳಿಸಿಕೊಂಡರು. ಆಮೇಲೆ ಕಂಪ್ಯೂಟರಿಗೆ ತಿರುಗಿದರು.

ವಾರ್ಡಿನಲ್ಲಿದ್ದ ಒಬ್ಬ ಗಂಡಸಿನ ರೆಕಾರ್ಡು ತೆಗೆದರು. ಕವಾಟ ಪೂರ್ತಿ ಕೆಟ್ಟವರು, ಯಂತ್ರ ಪ್ರತಿ ಸಲವೂ ಕೆಂಪು ತೋರಿಸುತ್ತಿದ್ದವರು. ಮೀನಿನ ಹೆಂಗಸಿನ ರೆಕಾರ್ಡಿನಿಂದ ಟಿಕ್ ಎಂಬ ಸದ್ದನ್ನಷ್ಟೇ ಕತ್ತರಿಸಿ, ಆ ಗಂಡಸಿನ ಎದೆಯ ಸದ್ದಿನ ಮೇಲೆ ಅಲ್ಲಲ್ಲಿ ಅಂಟಿಸಿದರು. ಯಂತ್ರಕ್ಕೆ ಕೊಟ್ಟರು. ಹಸಿರು ಬಂತು. ಮಣಿ ತೆಗೆದರು, ಕೆಂಪು. ಪುನಃ ಹಾಕಿದರು, ಹಸಿರು.

“ನಾವು ಇದಕ್ಕೆ ಹೃದಯ ಕಲಿಸಲಿಲ್ಲ ಸಿಸ್ಟರ್,” ಎಂದರು ಅವರು. “ಕರಿಮಣಿ ಇದ್ದರೆ ಆರೋಗ್ಯ ಅಂತ ಕಲಿಸಿದ್ದೇವೆ.”

ಕರಿಮಣಿ ಇದ್ದವಳಿಗೆ ಕೇಡು ತಟ್ಟುವುದಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಯಂತ್ರ ಅದನ್ನೇ ನಂಬಿತ್ತು, ಕಲಿಸಿದವಳು ನಾನು.

ಮುಂದೆ ಏನು ಎಂಬಲ್ಲಿ ಮೂವರಿಗೂ ಜಗಳವಾಯಿತು. ಆ ಸದ್ದನ್ನು ಸೋಸಿ ತೆಗೆಯುವ ಉಪಾಯ ಮಾಡಬಹುದು ಎಂದು ಸಂಶೋಧಕರು ಹೇಳಿದರು. ಡಾಕ್ಟರು ನನ್ನನ್ನು ಉಳಿಸುವ ಮನಸ್ಸಿನಿಂದ, “ತಾಂತ್ರಿಕ ದೋಷ ಅಂತ ಬರೆದರೆ ಸಾಕು, ನಿಮ್ಮ ಹೆಸರು ಯಾಕೆ?” ಎಂದರು.

“ಯಂತ್ರವನ್ನು ಸರಿ ಮಾಡಬಹುದು ಡಾಕ್ಟ್ರೇ,” ಎಂದೆ. “ಹಸಿರು ಅಂತ ನಂಬಿ ಮನೆಗೆ ಹೋದವರನ್ನು ಎಂತ ಮಾಡುದು? ಅವರು ದಮ್ಮು ಬಂದರೆ ಇನ್ನು ಡಾಕ್ಟರ ಹತ್ತಿರವೂ ಹೋಗುದಿಲ್ಲ. ಎಂತ ಇಲ್ಲ ಅಂತ ನಾನೇ ಹೇಳಿದ್ದೇನಲ್ಲ. ಒಬ್ಬೊಬ್ಬರನ್ನೂ ಪುನಃ ನೋಡಬೇಕು. ಕಾರಣ ಬರೆಯದೆ ಅದಕ್ಕೆ ಯಾರೂ ಒಪ್ಪುದಿಲ್ಲ. ಬರೆಯಿರಿ, ನನ್ನ ಹೆಸರು ಹಾಕಿಯೇ ಬರೆಯಿರಿ.”

ಬರೆದರು. ನನಗೆ ವಿವರಣೆ ಕೇಳಿ ನೋಟೀಸು ಬಂತು, ಉತ್ತರ ಕೊಟ್ಟೆ. ಕೆಲಸ ಉಳಿಯಿತು, ಆದರೆ ಹಿಂದೆ ನನ್ನನ್ನು ನೋಡಿದಾಗ ನಗುತ್ತಿದ್ದ ಕೆಲವರು ಈಗ ಬೇರೆ ಕಡೆ ನೋಡುತ್ತಿದ್ದರು. ಒಂದೊಂದು ಮನೆಗೂ ಫೋನ್ ಮಾಡಿ ಕರೆದೆವು. ಈ ಸಲ ಯಂತ್ರ ಇಲ್ಲ. ಡಾಕ್ಟರು ಕಿವಿಯಿಂದ ಕೇಳಿದರು, ಸಂಶಯ ಬಂದವರಿಗೆಲ್ಲ ಎಕೋ. ಕೆಲವರು ಬೈದರು. ಕೆಲವರು ಬರಲೇ ಇಲ್ಲ. ಹೂಡೆಯಲ್ಲಿ ಚಿಪ್ಪು ಹೆಕ್ಕುವ ಒಬ್ಬ ಹೆಂಗಸಿಗೆ ಅದೇ ಕವಾಟದ ಕಾಯಿಲೆ ಸಿಕ್ಕಿತು, ಹೆಪ್ಪು ಆಗುವ ಮೊದಲೇ ಸಿಕ್ಕಿತು. ಅವತ್ತು ವ್ಯಾನಿನ ಹಿಂದೆ ನಿಂತು ಅತ್ತುಬಿಟ್ಟೆ.

ಯಂತ್ರಕ್ಕೆ ಹೊಸದಾಗಿ ಪಾಠ ಹೇಳಬೇಕಿತ್ತು. ಕರಿಮಣಿ ತೆಗೆಸಲೇಬೇಕು ಎಂದು ಡಾಕ್ಟರು, ತೆಗೆಸಿದರೆ ಯಾರೂ ಬರುವುದಿಲ್ಲ ಎಂದು ನಾನು. ಅದು ಇತ್ಯರ್ಥವಾಗುವ ಮೊದಲೇ ಕಾಪುವಿಗೆ ಹೋದೆ. ಹೋಗಬೇಕು ಎಂದು ಎರಡು ತಿಂಗಳಿನಿಂದ ಅಂದುಕೊಳ್ಳುತ್ತಿದ್ದೆ, ಕಾಲು ಏಳುತ್ತಿರಲಿಲ್ಲ.

ಮೀನಿನ ಹೆಂಗಸು ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಕಾಲು ಸ್ವಲ್ಪ ಸುಧಾರಿಸಿತ್ತು, ಬಲಗೈ ಇನ್ನೂ ಮಡಿಲಲ್ಲಿ ಬಿದ್ದುಕೊಂಡಿತ್ತು. ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿತ್ತು, ಕವಾಟವನ್ನು ಬಲೂನಿನಿಂದ ಅಗಲಿಸುವ ಚಿಕಿತ್ಸೆಗೆ ಇನ್ನೂ ಕಾಯಬೇಕಿತ್ತು. ನಾನು ನಾದಿನಿಯ ಎದುರಿನಲ್ಲೇ ನಡೆದದ್ದನ್ನೆಲ್ಲ ತುಳುವಿನಲ್ಲಿ ಹೇಳಿದೆ. ತಪ್ಪು ನನ್ನದು ಎಂದೆ. ಅವರು ನನ್ನನ್ನೇ ನೋಡುತ್ತಾ ಕೇಳಿದರು. ಎಷ್ಟು ಅರ್ಥವಾಯಿತು ಎಂದು ನನಗೆ ತಿಳಿಯಲಿಲ್ಲ.

“ಎದೆಯ ಸದ್ದು ಒಂದು ಸಲ ಪುನಃ ಹಿಡಿಯಲಾ? ಕಾಯಿಲೆ ಇದ್ದು ಕರಿಮಣಿಯೂ ಇರುವವರ ಸದ್ದು ನಮ್ಮಲ್ಲಿ ಸಾಕಷ್ಟು ಇಲ್ಲ,” ಎಂದು ನಾದಿನಿಯನ್ನು ಕೇಳಿದೆ. ಅವರು ತಲೆಯಾಡಿಸಿದರು. ಟ್ಯಾಬ್ಲೆಟ್ಟನ್ನು ಜಗಲಿಯ ದಂಡೆಯ ಮೇಲಿಟ್ಟು ಬಿಲ್ಲೆ ಒರೆಸಿ ತೆಗೆದುಕೊಂಡೆ.

ಆಗ ಮೀನಿನ ಹೆಂಗಸಿನ ಎಡಗೈ ಮೇಲೆದ್ದಿತು. ಕರಿಮಣಿಯನ್ನು ಹಿಡಿಯಿತು. ಒಂದು ಸಲ ಎತ್ತಿ, ಹೆಗಲ ಮೇಲಿಂದ ಬೆನ್ನಿನ ಕಡೆ ಹಾಕಿತು. ಎದೆಯ ಮೇಲೆ ಏನೂ ಉಳಿಯಲಿಲ್ಲ. ಕರಿಮಣಿ ಕುತ್ತಿಗೆಯಲ್ಲೇ ಇತ್ತು.

ನಾನು ಬಿಲ್ಲೆ ಹಿಡಿದುಕೊಂಡು ಹಾಗೆಯೇ ನಿಂತೆ.

“ಮೀನು ಕೊಯ್ಯುವಾಗ ನಾವೆಲ್ಲ ಹಾಗೇ ಮಾಡುದು,” ಎಂದರು ನಾದಿನಿ. “ಬಗ್ಗಿದಾಗ ಎದುರು ನೇತಾಡಿದ್ರೆ ನೆತ್ತರು ಆಗ್ತದಲ್ಲ. ನಿಮಗೆ ಗೊತ್ತಿಲ್ವಾ?”

ಗೊತ್ತಿತ್ತು. ಮಗುವಿಗೆ ಸ್ನಾನ ಮಾಡಿಸುವಾಗ ನಾನೂ ಹಾಗೇ ಮಾಡುತ್ತಿದ್ದೆ. ತೆಗೆಯುವುದು, ಇಲ್ಲ ತೆಗೆಯದೆ ಇರುವುದು, ಈ ಎರಡನ್ನು ಬಿಟ್ಟು ನಾನು ಬೇರೆ ಯೋಚಿಸಿರಲೇ ಇಲ್ಲ. ಕ್ಯಾಂಪಿನ ದಿನ ಮೇಲೆದ್ದ ಆ ಕೈ ನೆನಪಾಯಿತು. ಅದನ್ನು ಕೆಳಗಿಳಿಸಿದ ನನ್ನ ಕೈಯೂ ನೆನಪಾಯಿತು.

“ಅವತ್ತೂ ನೀವು ಇದನ್ನೇ ಮಾಡ್ಲಿಕ್ಕೆ ಹೊರಟದ್ದಾ?” ಎಂದು ಕೇಳಿದೆ.

ಅವರು ನನ್ನ ಮುಖ ನೋಡಿ, “ಉಂಡು,” ಎಂದರು.

“ಎಲ್ಲದಕ್ಕೂ ಅದನ್ನೇ ಹೇಳ್ತಾರೆ, ನೀವು ಬೇಜಾರು ಮಾಡ್ಬೇಡಿ,” ಎಂದರು ನಾದಿನಿ.

ನಾನು ಬಿಲ್ಲೆಯನ್ನು ಎದೆಗೆ ಇಟ್ಟೆ. ಈ ಸಲ ಏನನ್ನೂ ಬದಿಗೆ ಹಿಡಿದುಕೊಳ್ಳುವ ಅಗತ್ಯ ಇರಲಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಇದ್ದದ್ದು ಅದೇ ಹಳೆಯ ಯಂತ್ರ, ಏನೂ ಬದಲಾಯಿಸಿರಲಿಲ್ಲ. ನಾಲ್ಕು ಜಾಗ, ಒಂದೊಂದಕ್ಕೆ ಹದಿನೈದು ಸೆಕೆಂಡು. ಮುಗಿದ ಮೇಲೆ ಪರದೆ ಕೆಂಪಾಯಿತು.